ಹೆಲಿಕಾಪ್ಟರ್ ನೀರು ಸುರಿದ ಮೇಲೂ ಹೊಗೆ ಏಳುತ್ತಿದ್ದರೆ

ಗೋವಾದ ಸತ್ತರಿಯ ನಿಮ್ಮ ಗೇರು ತೋಟದ ಅಂಚಿಗೆ ಹೆಲಿಕಾಪ್ಟರ್ ನೀರು ಸುರಿದ ಮರುದಿನವೇ ಮತ್ತೆ ಹೊಗೆ ಅಂದರೆ, ಬುಡಗಳ ಒಳಗೆ ಕೆಂಡ ಉಳಿದಿರಬೇಕು. ಪಕ್ಕದ ಕಾಡಿನಿಂದ ಹೊಸ ಕಿಡಿ ಹಾರಿ ಬಂದಿರಲೂಬಹುದು, ಜಾಗ ನೋಡದೆ ಖಚಿತವಾಗಿ ಹೇಳಲಾರೆ.

ವಾಯುಪಡೆಯ ಎಂಐ-17 ಹೆಲಿಕಾಪ್ಟರಿನ ಕೆಳಗೆ ತೂಗುವ ಬಾಂಬಿ ಬಕೆಟ್ ಎಂಬ ನೀರಿನ ಚೀಲ ಒಮ್ಮೆಗೆ ಸುಮಾರು 3,500 ಲೀಟರ್ ತರುತ್ತದೆ. ಅದು ಜ್ವಾಲೆ ತಗ್ಗಿಸುತ್ತದೆ, ಅಷ್ಟೇ. ಎಷ್ಟೋ ನೀರು ಎಲೆ, ಕೊಂಬೆಯಲ್ಲೇ ನಿಲ್ಲುತ್ತದೆ. 2023ರ ಮಾರ್ಚ್‌ನಲ್ಲಿ ಮಹದಾಯಿ ಅಭಯಾರಣ್ಯ ಉರಿದಾಗ ನೌಕಾಪಡೆ, ವಾಯುಪಡೆ ಎರಡರ ಹೆಲಿಕಾಪ್ಟರ್ ಬಂದಿದ್ದವು. ಆದರೂ ನೆಲದಲ್ಲಿ ಜನ ಇಳಿಯಲೇಬೇಕಾಯಿತು.

ಮೊದಲು 101ಕ್ಕೆ ಫೋನ್ ಮಾಡಿ, ಅರಣ್ಯ ಇಲಾಖೆಯವರಿಗೂ ತಿಳಿಸಿ. ಹೆಲಿಕಾಪ್ಟರ್ ನಾವು ಕರೆದರೆ ಬರೋದಲ್ಲ, ಆಡಳಿತವೇ ಕೇಳಬೇಕು.

ಆಮೇಲೆ ತಂಪು ಹೊತ್ತಿನಲ್ಲಿ, ಇಬ್ಬರಾದರೂ ಸೇರಿ, ಸುಟ್ಟ ಅಂಚಿನ ಉದ್ದಕ್ಕೂ ನಡೆಯಿರಿ. ಬೂದಿಗೆ ಕೈ ಹಾಕಬೇಡಿ. ಅಂಗೈಯ ಹಿಂಬದಿಯನ್ನು ಸ್ವಲ್ಪ ಮೇಲೆ ಹಿಡಿದರೆ ಶಾಖ ಗೊತ್ತಾಗುತ್ತದೆ. ನಮ್ಮಲ್ಲಿ ತಣ್ಣಗೆ ಕಂಡ ಒಂದು ಗೇರು ಬುಡವನ್ನು ಪಿಕಾಸಿಯಿಂದ ಒಡೆದರೆ ಒಳಗೆ ಕೆಂಪು ಕೆಂಡ! ಹಾಗೆ ಒಡೆದು, ಔಷಧಿ ಹೊಡೆಯುವ ಪಂಪನ್ನು ಚೆನ್ನಾಗಿ ತೊಳೆದು ನೀರು ತುಂಬಿಸಿ ಹೊಡೆಯಿರಿ, ಕೆದಕಿ, ಮತ್ತೆ ಹೊಡೆಯಿರಿ. ಸುಮ್ನೆ ಮಣ್ಣು ಮುಚ್ಚಿದರೆ ಒಳಗೇ ಉರಿಯುತ್ತಿರುತ್ತದೆ.

ನಂತರ ತೋಟದ ಕಡೆ ತರಗೆಲೆ ಗುಡಿಸಿ, ಬರೀ ಮಣ್ಣು ಕಾಣುವಂತೆ ಎರಡು ಮೀಟರಿನಷ್ಟು ಪಟ್ಟಿ ಮಾಡಿ. ಬುಡ ಸುಟ್ಟ ಮರಗಳ ಕೆಳಗೆ ನಿಲ್ಲಬೇಡಿ, ಸದ್ದಿಲ್ಲದೆ ಬೀಳುತ್ತವೆ. ಹೆಲಿಕಾಪ್ಟರ್ ಮತ್ತೆ ಬಂದರೆ ದೂರ ಸರಿಯಿರಿ. ಆ ನೀರಿನ ಹೊಡೆತಕ್ಕೆ ಕೊಂಬೆಗಳೇ ಮುರಿಯುತ್ತವೆ.

ಉರಿ ಎದ್ದು ಗಾಳಿ ನಿಮ್ಮ ಕಡೆ ತಿರುಗಿದರೆ ಪಂಪ್ ಅಲ್ಲೇ ಬಿಟ್ಟು ಹೊರಟುಬಿಡಿ.