ಇಂಟಿಗ್ರೇಟೆಡ್ ಏವಿಯಾನಿಕ್ಸ್ ದೀರ್ಘಾವಧಿಯ ಲೆಕ್ಕದಲ್ಲಿ ಅಗ್ಗವೇ?

ಹಾಸನದ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರ ಪ್ರಶ್ನೆ: ಏವಿಯಾನಿಕ್ಸ್‌ನಲ್ಲಿ, ಅಂದರೆ ವಿಮಾನದ ಎಲೆಕ್ಟ್ರಾನಿಕ್ ಉಪಕರಣಗಳಲ್ಲಿ, ಪ್ರತಿ ಕೆಲಸಕ್ಕೂ ಬೇರೆ ಬೇರೆ ಡಬ್ಬಿ ಇರುವ ಹಳೆಯ ಪದ್ಧತಿಗಿಂತ, ಒಂದೇ ಕಂಪ್ಯೂಟರ್ ಹಲವು ಕೆಲಸ ನಡೆಸುವ ಹೊಸ ‘ಇಂಟಿಗ್ರೇಟೆಡ್’ ಪದ್ಧತಿ ವಿಮಾನದ ಪೂರ್ತಿ ಆಯುಷ್ಯಕ್ಕೆ ಅಗ್ಗವೇ?

ನೂರಾರು ವಿಮಾನ ತಯಾರಾಗುವ ಯೋಜನೆಗೆ ಹೌದು. ಹತ್ತಿಪ್ಪತ್ತಕ್ಕೆ ನನಗೆ ಅನುಮಾನ.

ದೊಡ್ಡ ಉಳಿತಾಯ ಸ್ಪೇರ್ ದಾಸ್ತಾನಿನದು. 10 ಬಗೆಯ ಡಬ್ಬಿ, 3 ವಿಮಾನ ನಿಲ್ದಾಣ ಎಂದುಕೊಳ್ಳಿ: ತಲಾ ಒಂದಿಟ್ಟರೂ 30. ಅದೇ ಕೆಲಸ 2 ಬಗೆಯ ಮಾಡ್ಯೂಲಿನಲ್ಲಿ (ಹಲವು ಕೆಲಸ ನಡೆಸುವ ಕಂಪ್ಯೂಟರ್ ಘಟಕ) ನಡೆದರೆ ತಲಾ ಎರಡಿಟ್ಟರೂ 12. ಸಣ್ಣ ನಿಲ್ದಾಣದಲ್ಲಿ ವಿಮಾನ ಕೆಟ್ಟು ನಿಂತು, ಬೆಂಗಳೂರಿನಿಂದ ಡಬ್ಬಿ ಬರುವವರೆಗೆ ಕಾಯುವ ಖರ್ಚನ್ನೂ ಸೇರಿಸಿ ನೋಡಿ. ವೈರಿಂಗ್, ತೂಕ ಇಳಿದು ಇಂಧನವೂ ಉಳಿಯುತ್ತದೆ. ಬೋಯಿಂಗ್ 787, ಏರ್‌ಬಸ್ ಎ380 ಇದೇ ದಾರಿ ಹಿಡಿದಿವೆ.

ಪೆಟ್ಟು ಬೀಳುವುದು ಸರ್ಟಿಫಿಕೇಶನ್‌ನಲ್ಲಿ, ಅಂದರೆ ಹಾರಾಟಕ್ಕೆ ಸುರಕ್ಷಿತ ಎಂಬ ಒಪ್ಪಿಗೆ ಪಡೆಯುವಲ್ಲಿ. ಅರಿಂಕ್ 653 ಎಂಬ ಸಾಫ್ಟ್‌ವೇರ್ ಮಾನದಂಡದ ರೀತಿ, ಒಂದರ ದೋಷ ಇನ್ನೊಂದಕ್ಕೆ ತಟ್ಟದಂತೆ ಪ್ರತಿ ಅಪ್ಲಿಕೇಶನ್‌ಗೂ ಕಂಪ್ಯೂಟರಿನ ಸಮಯ, ಮೆಮೊರಿ ಎರಡನ್ನೂ ಬೇರ್ಪಡಿಸಬೇಕು. ಡಿಒ-297 ಎಂಬ ಮಾರ್ಗಸೂಚಿಯ ಪ್ರಕಾರ ಮಾಡ್ಯೂಲ್, ಅಪ್ಲಿಕೇಶನ್, ಇಡೀ ಜೋಡಣೆ, ವಿಮಾನ ಎಂದು ಹಂತ ಹಂತವಾಗಿ ಒಪ್ಪಿಗೆ ಪಡೆಯಬೇಕು. ಬೇರ್ಪಡಿಕೆ ಗಟ್ಟಿಯಾಗಿ ಸಾಬೀತಾಗಿರದಿದ್ದರೆ ಒಂದು ಅಪ್ಲಿಕೇಶನ್ ಬದಲಿಸಿದಾಗ ಪಕ್ಕದವನ್ನೂ ಮತ್ತೆ ಪರೀಕ್ಷಿಸಬೇಕಾಗುತ್ತದೆ. ಬಜೆಟ್ ಕೈಮೀರುವುದು ಇಲ್ಲೇ; ಈ ಖರ್ಚನ್ನು ಹತ್ತಿಪ್ಪತ್ತೇ ವಿಮಾನಗಳಿಗೆ ಹಂಚಿದರೆ ಒಂದೊಂದಕ್ಕೂ ಭಾರವಾಗುತ್ತದೆ.

ಇನ್ನೊಂದು, ಚಿಪ್ ಕೆಲವೇ ವರ್ಷಗಳಲ್ಲಿ ಮಾರುಕಟ್ಟೆಯಿಂದ ಮಾಯವಾಗುತ್ತದೆ, ವಿಮಾನ 25–30 ವರ್ಷ ಹಾರುತ್ತದೆ. ನಡುವೆ ಬದಲಾವಣೆ ತಪ್ಪದು. ಹಾಗಾಗಿ ಕಾನ್ಫಿಗರೇಶನ್ ಟೇಬಲ್ (ಯಾವ ಅಪ್ಲಿಕೇಶನ್‌ಗೆ ಎಷ್ಟು ಸಮಯ, ಮೆಮೊರಿ ಎಂಬ ಪಟ್ಟಿ) ಬದಲಿಸುವ ಹಕ್ಕು, ಅದರ ಟೂಲ್, ಇಂಟರ್‌ಫೇಸ್ ದಾಖಲೆಗಳನ್ನು ಖರೀದಿ ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು. ಇಲ್ಲದಿದ್ದರೆ ಆಮೇಲೆ ಸಣ್ಣ ತಿದ್ದುಪಡಿಗೂ ಮೂಲ ತಯಾರಕರು ಹೇಳಿದ್ದೇ ಬೆಲೆ.