ಡಿಸ್ಕ್ ಗಾಲ್ಫ್ ಬೆಳೆಯಬೇಕಾದರೆ ಮೊದಲು ಬುಟ್ಟಿ ನೆಡಬೇಕು

‘ಡಿಸ್ಕ್ ಗಾಲ್ಫ್ ನಮ್ಮಲ್ಲಿ ಒಂದು ಕ್ರೀಡೆಯಾಗಿ ಬೆಳೆಯಲು ಏನು ಬೇಕು? ಟಿವಿ ಪ್ರಸಾರವೋ, ಪ್ರಾಯೋಜಕರೋ, ಒಬ್ಬ ಸ್ಟಾರ್ ಆಟಗಾರನೋ?’ ಎಂದು ಕೇಳಿದ್ದೀರಿ. ಈ ಮೂರೂ ಆಮೇಲಿನ ಮಾತು. ಮೊದಲು ಬೇಕಾದದ್ದು ಜನ ದಿನಾ ಓಡಾಡುವ ಜಾಗದಲ್ಲಿ, ದುಡ್ಡು ಕೊಡದೆ ಆಡಲು ಸಿಗುವ, ಸಂಜೆಯಾದರೆ ಕಿತ್ತುಕೊಂಡು ಹೋಗಬೇಕಿಲ್ಲದ ಬುಟ್ಟಿಗಳು. ನಾನು ಧಾರವಾಡದವನು, ಪುಣೆಯ ಕೋಥರೂಡಿಗೆ ಬಂದು ಬಹಳ ವರ್ಷಗಳಾದವು. ಭಾನುವಾರ ಬೆಳಿಗ್ಗೆ ಒಂದು ಶಾಲೆಯ ಮೈದಾನದಲ್ಲಿ ಗೆಳೆಯರೊಂದಿಗೆ ಈ ಆಟ ಆಡುತ್ತೇನೆ. ಅಲ್ಲಿ ಕಂಡದ್ದನ್ನೂ ಸೇರಿಸಿ ಹೇಳುತ್ತೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಗಾಲ್ಫಿನ ಚೆಂಡಿನ ಬದಲು ಇಲ್ಲಿ ಫ್ರಿಸ್ಬಿಯಂಥ ಚಪ್ಪಟೆ ಡಿಸ್ಕ್, ಗುಳಿಯ ಬದಲು ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿ. ಡಿಸ್ಕ್ ಎಲ್ಲಿ ಬಿತ್ತೋ ಅಲ್ಲಿಗೆ ನಡೆದು ಹೋಗಿ ಅಲ್ಲಿಂದಲೇ ಮತ್ತೆ ಎಸೆಯಬೇಕು. ಮೊದಲ ಎಸೆತದ ಜಾಗದಿಂದ ಒಂದು ಬುಟ್ಟಿಯವರೆಗಿನ ಆಟಕ್ಕೆ ಹೋಲ್ ಎನ್ನುತ್ತಾರೆ, ಇಂಥ ಹೋಲ್‌ಗಳೆಲ್ಲ ಸೇರಿದ ಅಂಗಳಕ್ಕೆ ಕೋರ್ಸ್. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದಂತೆ.

ಈಗ ಆಟ ಬೆಳೆದು ಬಂದ ಕ್ರಮ ನೋಡಿ. ಫ್ರಿಸ್ಬಿ ತಯಾರಿಸುತ್ತಿದ್ದ ವ್ಯಾಮ್-ಓ ಕಂಪನಿಯಲ್ಲಿ ಕೆಲಸ ಮಾಡಿದ್ದ ಎಡ್ ಹೆಡ್ರಿಕ್ 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಎಂಬ ಸಾರ್ವಜನಿಕ ಪಾರ್ಕಿನಲ್ಲಿ ಮೊದಲ ಶಾಶ್ವತ ಕೋರ್ಸ್ ಮಾಡಿದರು. 1976ರಲ್ಲಿ ಆಟಗಾರರ ಸಂಘ ಕಟ್ಟಿದರು, ಅದೇ ಇಂದಿನ ಪಿಡಿಜಿಎ (ಪ್ರೊಫೆಷನಲ್ ಡಿಸ್ಕ್ ಗಾಲ್ಫ್ ಅಸೋಸಿಯೇಷನ್). ಅದಕ್ಕೂ ಮುಂಚೆ ಜನ ಮರ, ದೀಪದ ಕಂಬ, ಕಸದ ಡಬ್ಬಿ ಹೀಗೆ ಕಂಡದ್ದಕ್ಕೆ ಗುರಿಯಿಟ್ಟು ಆಡುತ್ತಿದ್ದರು. ತಾಗಿತೋ ಇಲ್ಲವೋ ಎಂಬ ವಾದ ಮುಗಿಯುತ್ತಲೇ ಇರಲಿಲ್ಲ. ಅದಕ್ಕೆ ಪರಿಹಾರವಾಗಿ ಬಂದದ್ದು ಸರಪಳಿಯ ಬುಟ್ಟಿ; 1977ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ವೃತ್ತಿಪರರ ದೊಡ್ಡ ದುಡ್ಡಿನ ಪಂದ್ಯಸರಣಿ ಡಿಸ್ಕ್ ಗಾಲ್ಫ್ ಪ್ರೊ ಟೂರ್ ಶುರುವಾದದ್ದು 2016ರಲ್ಲಿ. ಪಾರ್ಕಿಗೂ ಟೂರ್‌ಗೂ ನಡುವೆ ಸುಮಾರು 40 ವರ್ಷ ಜನ ಸುಮ್ಮನೆ ಆಡಿದ್ದಾರೆ.

2021ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಜೇಮ್ಸ್ ಕಾನ್ರಾಡ್ ಕೊನೆಯ ಹೋಲ್‌ನಲ್ಲಿ 247 ಅಡಿ ದೂರದಿಂದ ನೇರ ಬುಟ್ಟಿಗೆ ಹಾಕಿ, ಎದುರಾಳಿ ಪಾಲ್ ಮೆಕ್‌ಬೆತ್ ಜೊತೆ ಸಮಬಲ ಸಾಧಿಸಿ, ಪ್ಲೇಆಫ್ ಎಂಬ ನಿರ್ಣಾಯಕ ಆಟಕ್ಕೆ ಹೋಗಿ ಗೆದ್ದರು. ಆ ವಿಡಿಯೋ ಲಕ್ಷಾಂತರ ಜನ ನೋಡಿದ್ದಾರೆ, ನನ್ನ ಫೋನಿಗೂ ಎಷ್ಟೋ ಕಡೆಯಿಂದ ಬಂತು. ಆದರೆ ಅದನ್ನು ನೋಡಿ ಹುರುಪು ಬಂದ ಕೋಥರೂಡಿನ ಹುಡುಗಿ ಮರುದಿನ ಎಲ್ಲಿಗೆ ಹೋಗಬೇಕು? ಅವಳ ನಡಿಗೆಯ ದೂರದಲ್ಲಿ ಬುಟ್ಟಿ ಇಲ್ಲದಿದ್ದರೆ ಹುರುಪು ಅಲ್ಲಿಗೇ ಆರುತ್ತದೆ. 2022 ಮತ್ತು 2023ರಲ್ಲಿ ಮಹಿಳೆಯರ ವಿಶ್ವ ಪ್ರಶಸ್ತಿ ಗೆದ್ದ ಕ್ರಿಸ್ಟಿನ್ ತತ್ತಾರ್ ಎಸ್ಟೋನಿಯಾದವರು. ಜನಸಂಖ್ಯೆ ಬರೀ 13 ಲಕ್ಷ ಚಿಲ್ಲರೆ, ಆದರೆ ಚಿಕ್ಕ ಚಿಕ್ಕ ಊರಲ್ಲೂ ಕೋರ್ಸ್ ಇರುವ ದೇಶ ಅದು. ಸ್ಟಾರ್ ಹುಟ್ಟುವುದು ಇಂಥ ಕಡೆಯೇ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ನಮ್ಮ ಪುಣೆಯಲ್ಲೇ ಇದಕ್ಕೆ ಸಾಕ್ಷಿ ಇದೆ. ಬ್ಯಾಡ್ಮಿಂಟನ್‌ನ ಮೊದಲ ನಿಯಮಗಳು ರೂಪುಗೊಂಡದ್ದು 1870ರ ದಶಕದಲ್ಲಿ ಇದೇ ಊರಿನ ದಂಡು ಪ್ರದೇಶದಲ್ಲಿ. ಇವತ್ತು ಹೌಸಿಂಗ್ ಸೊಸೈಟಿಯ ಪಾರ್ಕಿಂಗ್‌ನಲ್ಲೂ ಎರಡು ಕಂಬಕ್ಕೆ ನೆಟ್ ಕಟ್ಟಿ ಮಕ್ಕಳು, ಅಜ್ಜಂದಿರು ಆಡುತ್ತಾರೆ. ಬಾಗಿಲಲ್ಲೇ ಆಡಲು ಬರುತ್ತದೆ ಎಂಬ ಕಾರಣಕ್ಕೆ ಆ ಆಟ ಉಳಿಯಿತು.

ಡಿಸ್ಕ್ ಗಾಲ್ಫಿಗೆ ಪಾರ್ಕಿಂಗ್ ಸಾಲದು ನಿಜ. ಹೋಲ್ ಒಂದಕ್ಕೆ ಸರಾಸರಿ ಒಂದು ಎಕರೆ ಎಂಬುದು ರೂಢಿಯ ಲೆಕ್ಕ. ಆದರೆ ಕಲಿಯುವವರಿಗೆ 40, 50 ಮೀಟರಿನ ಹೋಲ್‌ಗಳು ಸಾಕು. ಅಂಥ 9 ಬುಟ್ಟಿಗಳನ್ನು ಒಂದು ದೊಡ್ಡ ಕಾಲೇಜು ಆವರಣದಲ್ಲಿ ಕೂರಿಸಬಹುದು. ಹುಲ್ಲು ಸಮ ಮಾಡಬೇಕಿಲ್ಲ, ನೀರು ಹಾಯಿಸಬೇಕಿಲ್ಲ, ಮರ ಕಡಿಯಲೇಬೇಕಿಲ್ಲ. ಇಲ್ಲಿ ಮರ ಇದ್ದರೇ ಆಟಕ್ಕೆ ರುಚಿ.

ಬುಟ್ಟಿಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ. ನಾವು ನಮ್ಮದನ್ನು ಪುಣೆ ಪಕ್ಕದ ಭೋಸರಿಯ ಒಂದು ವೆಲ್ಡಿಂಗ್ ವರ್ಕ್‌ಶಾಪಿನಲ್ಲಿ ಮಾಡಿಸಿದೆವು. ಮಾಲೀಕರು ಇಂಡಿ ಕಡೆಯವರು. ಡ್ರಾಯಿಂಗ್ ನೋಡಿ, ಡಿಸ್ಕ್ ಕೈಯಲ್ಲಿ ಹಿಡಿದು ತೂಕ ನೋಡಿ, ‘ಸರ, ಒಂದ ಸುತ್ತು ಸರಪಳಿ ಹಾಕಿದ್ರ ಇದು ನಡುವ ತೂರಿ ಆ ಕಡೆ ಹೋಗ್ತದ್ರಿ. ಒಳಗ ಇನ್ನೊಂದು ಸುತ್ತು ಹಾಕೂಣು’ ಅಂದರು. ಅಂತರರಾಷ್ಟ್ರೀಯ ಮಟ್ಟದ ಬುಟ್ಟಿಗಳಲ್ಲೂ ಹೊರಗೊಂದು, ಒಳಗೊಂದು ಸುತ್ತು ಇರುತ್ತದೆ. ಅವರು ಅದನ್ನು ಯಾವತ್ತೂ ನೋಡಿರಲಿಲ್ಲ! ಬುಟ್ಟಿಯ ಅಂಚು ನೆಲದಿಂದ ಸುಮಾರು 82 ಸೆಂ.ಮೀ. ಎತ್ತರ, ಬುಟ್ಟಿಗೆ ಗ್ಯಾಲ್ವನೈಸಿಂಗ್, ಅಂದರೆ ಸತುವಿನ ಲೇಪ, ಮಾಡಿಸಲೇಬೇಕು. ಬರೀ ಬಣ್ಣ ಬಳಿದರೆ ಪುಣೆಯ ಒಂದು ಮಳೆಗಾಲ ದಾಟುವುದಿಲ್ಲ. ಇಂಥ ಕೈಗಳು ಪ್ರತಿ ಊರಲ್ಲೂ ಇರುವಾಗ ಬುಟ್ಟಿಗಳನ್ನು ಹಡಗಿನಲ್ಲಿ ತರಿಸುವುದು ಯಾತಕ್ಕೆ?

ಡಿಸ್ಕ್ ಮಾತ್ರ ಸದ್ಯಕ್ಕೆ ಕಷ್ಟ. ವಿದೇಶದಿಂದ ತರಿಸಿದರೆ ಸಾಗಣೆ, ಸುಂಕ ಸೇರಿ ವಿದ್ಯಾರ್ಥಿಗಳ ಕೈಗೆ ಎಟುಕುವುದಿಲ್ಲ. ಆದರೆ ಹೊಸಬರಿಗೆ ಒಂದೇ ಪಟರ್ (ಹತ್ತಿರದ ಎಸೆತದ ಡಿಸ್ಕ್) ಸಾಕು, ಡ್ರೈವರ್ (ದೂರದ ಎಸೆತದ ಡಿಸ್ಕ್) ಬೇಡವೇ ಬೇಡ. ಡ್ರೈವರ್ ನೆಟ್ಟಗೆ ಹಾರಲು ಬಹಳ ವೇಗ ಬೇಕು, ಹೊಸಬರ ಕೈಯಲ್ಲಿ ಅದು ಬೇಗ ಒಂದು ಬದಿಗೆ ವಾಲಿ ಬೀಳುತ್ತದೆ. ಕ್ರಿಕೆಟ್ ಆಡಿದ ಹುಡುಗರು ಭುಜದ ಬಲ ಹಾಕುತ್ತಾರೆ. ಇಲ್ಲಿ ಬೇಕಾದದ್ದು ಕೊನೆಗಳಿಗೆಯಲ್ಲಿ ಸಿಗುವ ತಿರುಗು. ಬುಗುರಿ ತಿರುಗುವಷ್ಟು ಹೊತ್ತು ನಿಲ್ಲುವ ಹಾಗೆ ಡಿಸ್ಕೂ ತಿರುಗುವಷ್ಟು ಹೊತ್ತು ಸಮನಾಗಿ ಹಾರುತ್ತದೆ. ಒಮ್ಮೆ ವಾಕಿಂಗ್‌ಗೆ ಬಂದಿದ್ದ, ಸೀರೆಗೆ ಸ್ಪೋರ್ಟ್ಸ್ ಶೂ ಹಾಕಿದ್ದ ಕಾಕೂ ಒಬ್ಬರು ನಿಂತು ನೋಡಿ, ‘ಏಕದಾ ಟಾಕೂನ್ ಬಘೂ ಕಾ?’ (ಒಮ್ಮೆ ಎಸೆದು ನೋಡಲಾ?) ಎಂದು ಮರಾಠಿಯಲ್ಲಿ ಕೇಳಿದರು. ಕೊಟ್ಟೆ. ಬರೀ ಮಣಿಕಟ್ಟಿನಿಂದ ಎಸೆದರು, ಸರಪಳಿ ಝಲ್ಲೆಂದಿತು. ಈಗ ಅವರು ತಮ್ಮ ಗೆಳತಿಯರನ್ನೂ ಕರೆತರುತ್ತಾರೆ. ಬುಟ್ಟಿ ಕಣ್ಣಿಗೆ ಬೀಳುವ ಜಾಗದಲ್ಲಿ ಇದ್ದದ್ದಕ್ಕೇ ಇದು ಆಯಿತು.

ಇನ್ನು ಕೋರ್ಸ್‌ಗೊಬ್ಬ ನೋಡಿಕೊಳ್ಳುವವರು ಬೇಕೇ ಬೇಕು. ನಗರಸೇವಕರ ನಿಧಿಯಿಂದ ಉದ್ಯಾನಗಳಿಗೆ ಓಪನ್ ಜಿಮ್ ಬಂದವು, ಎಷ್ಟೋ ಕಡೆ ಬೋಲ್ಟ್ ಸಡಿಲಾಗಿ ತುಕ್ಕು ಹಿಡಿದು ನಿಂತಿವೆ. ಬುಟ್ಟಿಗೂ ಅದೇ ಗತಿ ಬರಬಾರದು. ವಾಕಿಂಗ್ ದಾರಿಗೆ ಅಡ್ಡವಾಗಿ ಫೇರ್‌ವೇ, ಅಂದರೆ ಡಿಸ್ಕ್ ಹಾರುವ ದಾರಿ, ಹಾಕಬೇಡಿ. 170 ಗ್ರಾಂ ಡಿಸ್ಕ್ ತಲೆಗೆ ಬಿದ್ದರೆ ಆ ದಿನವೇ ಅನುಮತಿ ರದ್ದು. ವೇತಾಳ ಟೇಕಡಿಯಂಥ ಗುಡ್ಡಗಳನ್ನಂತೂ ಬಿಟ್ಟುಬಿಡಿ. ಅವುಗಳನ್ನು ಉಳಿಸಲು ಪುಣೆಯ ಜನ ಬೀದಿಗಿಳಿದಿದ್ದಾರೆ, ಆ ಪ್ರೀತಿಯ ಎದುರು ನಮ್ಮ ಆಟ ನಿಲ್ಲಬಾರದು.

ಶಾಲೆಗಳಲ್ಲಿ ಪಾಲಕರ ಮೊದಲ ಪ್ರಶ್ನೆ ‘ಹತ್ತನೇ ತರಗತಿಗೆ ಗ್ರೇಸ್ ಮಾರ್ಕ್ ಸಿಗುತ್ತದಾ?’ ಮಹಾರಾಷ್ಟ್ರದಲ್ಲಿ ಮಾನ್ಯತೆ ಇರುವ ಕ್ರೀಡೆಗಳಿಗೆ ಅದು ಸಿಗುತ್ತದೆ, ಹಾಗಾಗಿ ಕೇಳುವುದು ತಪ್ಪಲ್ಲ. ಮಾನ್ಯತೆಗೆ ಸ್ಪರ್ಧೆ ಬೇಕು, ಸ್ಪರ್ಧೆಗೆ ಆಟಗಾರರು ಬೇಕು, ಆಟಗಾರರಿಗೆ ಬುಟ್ಟಿ ಬೇಕು.

ನೀವು ನಿಮ್ಮ ಊರಲ್ಲಿ ಶುರು ಮಾಡುವುದಾದರೆ ದಸರೆಯ ಹೊತ್ತಿಗೆ ಮಾಡಿ; ಮಳೆಗಾಲದ ಎತ್ತರದ ಹುಲ್ಲಿನಲ್ಲಿ ಡಿಸ್ಕ್ ಹುಡುಕುವುದರಲ್ಲೇ ಬೆಳಗು ಕಳೆಯುತ್ತದೆ. ಒಬ್ಬ ಪಿಇ ಮೇಷ್ಟ್ರನ್ನು ಒಪ್ಪಿಸಿ, ಮೂರು ಬುಟ್ಟಿ ಕಾಂಕ್ರೀಟಿನಲ್ಲಿ ನೆಡಿ. ಡ್ರಾಯಿಂಗ್ ಬೇಕಿದ್ದರೆ ಇಲ್ಲೇ ಕಮೆಂಟಿನಲ್ಲಿ ಕೇಳಿ, ಅಳತೆಗಳ ಸಮೇತ ಹಾಕುತ್ತೇನೆ.