ಕಚ್ಚಿಕೊಂಡ ನಿಪ್ಪಲ್‌ಗೆ ಇಕ್ಕಳ ಹಾಕಬೇಡಿ

ಆಗಸ್ಟ್ ಕೊನೆಯ ವಾರ ಬಂತೆಂದರೆ ನನಗೆ ಒಂದೇ ಥರದ ಪತ್ರಗಳು. ಸೆಪ್ಟೆಂಬರ್ 3ರ ಕೈಲ್ ಪೊಳ್ದ್‌ಗೆ, ಅಂದರೆ ಕೊಡವರ ಆಯುಧ ಹಬ್ಬಕ್ಕೆ, ಕೋವಿ ತೊಳೆದು ತೋಕ್ ಪೂ (ಕೋವಿ ಹೂವು) ಸಿಕ್ಕಿಸಬೇಕು ಎಂದು ಕೊಡಗಿನವರು ಬರೆಯುತ್ತಾರೆ. ಮಲೆನಾಡಿನವರದ್ದು ಆಯುಧಪೂಜೆ ಹತ್ತಿರ ಬಂದಾಗ. ವರ್ಷವಿಡೀ ಅಟ್ಟದಲ್ಲಿದ್ದ ಕೋವಿ ಹಬ್ಬಕ್ಕೆ ಎರಡು ದಿನ ಇರುವಾಗ ಕೆಳಗಿಳಿಯುತ್ತದೆ. ನಿಪ್ಪಲ್, ಅಂದರೆ ಕಿಡಿ ಕೊಡುವ ಕೇಪು ಕೂರಿಸಲು ನಳಿಗೆಗೆ ತಿರುಪಿ ಹಾಕಿದ ತೂತಿನ ಮೊಳೆ, ಕಳಚಿ ಬರುವುದಿಲ್ಲ. ಆಮೇಲೆ ಶುರುವಾಗುತ್ತದೆ ಇಕ್ಕಳ, ಸುತ್ತಿಗೆ, ಬೆಂಕಿ. ಹೀಗೆ ಹಾಳಾದ ಒಳ್ಳೆಯ ನಳಿಗೆಗಳನ್ನು ನೋಡಿ ನೋಡಿ ಬೇಜಾರಾಗಿದೆ. ಅದಕ್ಕೇ ಈ ಸಲ ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ನಮ್ಮದು ಅಜ್ಜನ ಕಾಲದ ಕೇಪಿನ ಕೋವಿ. ಬೆಳೆ ರಕ್ಷಣೆಗೆ ಲೈಸೆನ್ಸ್ ಇದೆ. ಕ್ಲೀನ್ ಮಾಡೋಣವೆಂದರೆ ನಿಪ್ಪಲ್ ಕಚ್ಚಿಕೊಂಡಿದೆ. ಎರಡು ದಿನ ಸೀಮೆಎಣ್ಣೆಯಲ್ಲಿ ನೆನೆಸಿ ಇಕ್ಕಳದಲ್ಲಿ ತಿರುಗಿಸಿದೆ. ಅಂಚು ಸವೆಯಿತೇ ಹೊರತು ಅಲ್ಲಾಡಲಿಲ್ಲ. ಗ್ಯಾಸ್ ವೆಲ್ಡಿಂಗ್‌ನವರ ಹತ್ತಿರ ಬಿಸಿ ಮಾಡಿಸಲಾ?

ಬೇಡ. ಖಂಡಿತ ಬೇಡ.

ಕೋವಿ ಖಾಲಿ ಇದೆಯಾ? ನೀವು ಬರೆದ ಎರಡು ಪುಟದಲ್ಲಿ ಆ ಮಾತೇ ಇಲ್ಲ. "ಅಪ್ಪ ತೀರಿಕೊಂಡ ಮೇಲೆ ಯಾರೂ ಮುಟ್ಟಿಲ್ಲ" ಎಂದಿದ್ದೀರಿ. ಯಾರೂ ಮುಟ್ಟಿಲ್ಲ ಎಂದರೆ ಯಾರೂ ಖಾಲಿಯೂ ಮಾಡಿಲ್ಲ ಎಂದೇ ನಾನು ಓದುತ್ತೇನೆ. ಕಪ್ಪು ಮದ್ದು ಒಣಗಿದ್ದರೆ ಹತ್ತಾರು ವರ್ಷವಾದರೂ ಕೆಡುವುದಿಲ್ಲ. ಹಿಂದೊಮ್ಮೆ ನನ್ನ ಮೇಜಿಗೆ ಇಂಥದ್ದೇ ಒಂದು ಕೋವಿ ಬಂದಿತ್ತು. ತಂದವರು ಮೂರು ಸಲ ಖಾಲಿ ಎಂದರು. ಗಜ, ಅಂದರೆ ಮದ್ದು ಜಡಿಯುವ ಕೋಲು, ನಳಿಗೆಯೊಳಗೆ ಇಳಿಸಿದರೆ ತಳ ಮುಟ್ಟದೆ ನಾಲ್ಕು ಬೆರಳು ಮೇಲೆಯೇ ನಿಂತಿತು. ಕೆಳಗೆ ಮದ್ದು, ತೆಂಗಿನ ನಾರಿನ ಬೆಣೆ, ಚರೆ, ಎಲ್ಲ ಹಾಗೇ ಇತ್ತು. ಅದನ್ನು ಹಿಂದಿನ ದಿನ ಒಲೆಯ ಕೆಂಡದ ಮೇಲೆ ಹಿಡಿದಿದ್ದರಂತೆ, ನಿಪ್ಪಲ್ ಸಡಿಲ ಆಗಲಿ ಎಂದು. ಆ ದಿನ ನನ್ನ ಕೈ ನಡುಗಿದ್ದು ಇನ್ನೂ ನೆನಪಿದೆ.

ನೋಡುವುದು ಸುಲಭ. ನಳಿಗೆಯ ಬಾಯಿಯ ಮೇಲೆ ಮುಖ ಬಗ್ಗಿಸದೆ, ಪಕ್ಕದಿಂದ ಗಜ ಇಳಿಸಿ. ಅದು ನಿಂತಾಗ ಬಾಯಿಯ ಮಟ್ಟಕ್ಕೆ ಉಗುರಿನಿಂದ ಗುರುತು ಹಿಡಿದು ಹೊರಗೆ ತೆಗೆಯಿರಿ. ಅದೇ ಗುರುತನ್ನು ಬಾಯಿಗೆ ಸರಿಯಾಗಿ ಇಟ್ಟುಕೊಂಡು ಗಜವನ್ನು ನಳಿಗೆಯ ಹೊರಮೈಗೆ ಮಲಗಿಸಿ. ಗಜದ ತುದಿ ನಿಪ್ಪಲ್ ಇರುವ ಜಾಗದ ಹತ್ತಿರಕ್ಕೆ ಬರಬೇಕು. ಬರಲಿಲ್ಲವೆಂದರೆ ಒಳಗೆ ಏನೋ ಇದೆ. ಅಲ್ಲಿಗೇ ನಿಲ್ಲಿಸಿ. ಕೇಪು, ಕಿಡಿ, ಬಿಸಿ ಯಾವುದೂ ಹತ್ತಿರ ಬರಬಾರದು. ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೆ ಮೊದಲು ವಿಷಯ ತಿಳಿಸಿ, ಅವರು ಹೇಳಿದಂತೆ ಮಾಡಿ.

ಖಾಲಿ ಇದೆ ಎಂದು ಖಾತ್ರಿಯಾಯಿತು ಎಂದುಕೊಳ್ಳೋಣ. ಸೀಮೆಎಣ್ಣೆ ಯಾಕೆ ಕೆಲಸ ಮಾಡಲಿಲ್ಲ ಗೊತ್ತಾ? ಥ್ರೆಡ್ ಹಿಡಿದುಕೊಂಡಿರುವುದು ಬರೀ ತುಕ್ಕಿನಿಂದಲ್ಲ. ಕಪ್ಪು ಮದ್ದು ಸುಟ್ಟಾಗ ಅದರ ಅರ್ಧದಷ್ಟೂ ಅನಿಲವಾಗುವುದಿಲ್ಲ. ಉಳಿದದ್ದು ಪೊಟ್ಯಾಶಿಯಂನ ಉಪ್ಪುಗಳು. ಸ್ವಲ್ಪ ಹೊಗೆಯ ಜೊತೆ ಹೊರಗೆ ಹೋಗುತ್ತದೆ, ಮಿಕ್ಕಿದ್ದು ನಳಿಗೆಯೊಳಗೆ, ನಿಪ್ಪಲ್ಲಿನ ಥ್ರೆಡ್‌ನೊಳಗೆ ಕೂರುತ್ತದೆ. ಹಳೇ ಥರದ ಕೇಪಾದರೆ ಅಡುಗೆ ಉಪ್ಪಿನ ಹಾಗೆ ಕಬ್ಬಿಣ ತಿನ್ನುವ ಇನ್ನೊಂದು ಉಪ್ಪನ್ನೂ ಬಿಡುತ್ತದೆ. ಇವು ಗಾಳಿಯ ತೇವ ಎಳೆಯುತ್ತವೆ. ಆಗುಂಬೆ ಕಡೆ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಅಂಥ ಹವೆಯಲ್ಲಿ ಒಂದೇ ಮಳೆಗಾಲ ಸಾಕು, ನಿಪ್ಪಲ್ಲೂ ನಳಿಗೆಯೂ ಒಂದಾಗಿಬಿಡುತ್ತವೆ. ಉಪ್ಪು ಎಣ್ಣೆಯಲ್ಲಿ ಕರಗುತ್ತದಾ? ಇಲ್ಲ. ನೀರಿನಲ್ಲಿ ಕರಗುತ್ತದೆ. ಅದಕ್ಕೇ ಮೊದಲು ನೀರು, ಆಮೇಲೆ ಎಣ್ಣೆ.

ನಳಿಗೆಯನ್ನು ಮರದಿಂದ ಬಿಡಿಸಿ. ಮರ ನೆನೆಯಬಾರದು. ನಿಪ್ಪಲ್ ಇರುವ ತುದಿಯನ್ನು ಬಕೆಟ್ಟಿನಲ್ಲಿಟ್ಟು ನಳಿಗೆಯ ಬಾಯಿಯೊಳಗೆ ಬಿಸಿನೀರು ಹೊಯ್ಯಿರಿ. ನಿಪ್ಪಲ್ಲಿನ ತೂತಿನಿಂದ ಕಪ್ಪು ನೀರು ಬರುತ್ತದೆ, ಕೆಟ್ಟ ಮೊಟ್ಟೆಯ ವಾಸನೆ ಬರುತ್ತದೆ. ಅದು ಗಂಧಕ, ಹೆದರಬೇಡಿ. ತೂತು ಕಟ್ಟಿದ್ದರೆ ಸಣ್ಣ ತಂತಿಯಿಂದ ಬಿಡಿಸಿ. ನೀರು ತಿಳಿಯಾಗುವವರೆಗೆ ಹೊಯ್ಯಿರಿ, ಆಮೇಲೆ ಅರ್ಧ ಗಂಟೆ ಅದರಲ್ಲೇ ಬಿಡಿ. ಪೂರ್ತಿ ಒರೆಸಿ ಒಣಗಿಸಿ. ಈಗ ತುಕ್ಕು ಬಿಡಿಸುವ ಎಣ್ಣೆಯ ಎರಡು ಹನಿ ನಿಪ್ಪಲ್ಲಿನ ಬುಡಕ್ಕೆ ಬಿಟ್ಟು, ನಿಪ್ಪಲ್ ಮೇಲ್ಮುಖವಾಗಿರುವಂತೆ ಮಲಗಿಸಿ ಒಂದು ದಿನ ಬಿಡಿ. ಮಾರನೇ ದಿನ ಮತ್ತೆ ಎರಡು ಹನಿ. ಮೂರನೇ ದಿನವೂ ಅಷ್ಟೇ. ಹಬ್ಬ ನಾಳೆ ಅಂದರೆ? ನಿಪ್ಪಲ್ ಇದ್ದ ಹಾಗೇ ಇಟ್ಟು ಪೂಜೆ ಮಾಡಿ. ದೇವರು ಬೇಸರ ಮಾಡಿಕೊಳ್ಳುವುದಿಲ್ಲ.

ಮೂರು ದಿನ ಆದ ಮೇಲೆ ನಿಪ್ಪಲ್ ಚಾವಿ ತೆಗೆದುಕೊಳ್ಳಿ. ಇಕ್ಕಳ ಅಲ್ಲ, ಪೈಪ್ ಸ್ಪ್ಯಾನರ್ ಅಲ್ಲ, ಚಾವಿ. ನಿಮ್ಮ ನಿಪ್ಪಲ್ಲಿನ ಚಪ್ಪಟೆ ಪಕ್ಕಗಳಿಗೆ ಒಂದು ಕೂದಲೂ ಆಡದ ಹಾಗೆ ಕೂರಬೇಕು. ನಳಿಗೆಯನ್ನು ಬೆಂಚ್ ವೈಸಿನಲ್ಲಿ ಹಿಡಿಯಿರಿ, ಎರಡೂ ಕಡೆ ಚರ್ಮ ಅಥವಾ ಮೆದು ಮರ ಕೊಡಿ. ಚಾವಿಯ ತಲೆಗೆ ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಎಂದು ಹತ್ತು ಸಲ ತಟ್ಟಿ. ಜೋರಾಗಿ ಬೇಡ. ಈ ಅದುರಿಗೆ ಒಣಗಿದ ಕಸ ಒಡೆಯುತ್ತದೆ. ಈಗ ಮೊದಲು ಬಲಕ್ಕೆ, ಅಂದರೆ ಬಿಗಿಯುವ ಕಡೆಗೆ, ಒಂದೇ ಒಂದು ನೂಲಿನಷ್ಟು ಒತ್ತಿ. ಆಮೇಲೆ ಎಡಕ್ಕೆ. ಕದಲಿದರೆ ಪೂರ್ತಿ ಎಳೆಯಬೇಡಿ. ಕಾಲು ಸುತ್ತು ಹೊರಗೆ, ಸ್ವಲ್ಪ ಒಳಗೆ, ಒಂದು ಹನಿ ಎಣ್ಣೆ, ಮತ್ತೆ ಕಾಲು ಸುತ್ತು. ಕದಲಲಿಲ್ಲವೆಂದರೆ ನಿಲ್ಲಿಸಿ. ಚಾವಿಗೆ ಪೈಪ್ ಸಿಕ್ಕಿಸಿ ಬಲ ಹಾಕುವವರ ನಿಪ್ಪಲ್ ಬುಡದಲ್ಲೇ ಮುರಿಯುತ್ತದೆ.

ನಿಮ್ಮದು ಅಂಚು ಸವೆದಿದೆ. ಆದ್ದರಿಂದ ನೀವು ನೀರು, ಎಣ್ಣೆಯ ಕೆಲಸವನ್ನಷ್ಟೇ ಮಾಡಿ. ಮುಂದಿನದ್ದನ್ನು ರಿಪೇರಿಯವರಿಗೆ ಬಿಡಿ. ಅರದಿಂದ ಹೊಸದಾಗಿ ಎರಡು ಪಕ್ಕ ಚಪ್ಪಟೆ ಮಾಡಿ ತೆಗೆಯುತ್ತಾರೆ, ಆಗದಿದ್ದರೆ ಕೊರೆದು ತೆಗೆಯುತ್ತಾರೆ. ಹಾಳಾದರೂ ಪರವಾಗಿಲ್ಲ ಎಂದು ಬಿಡಬಹುದಾದದ್ದು ನಿಪ್ಪಲ್. ನಳಿಗೆಯ ಥ್ರೆಡ್ ಅಲ್ಲ. ವೆಲ್ಡಿಂಗ್ ಶಾಪಿನವರು "ನಟ್ ಅಂಟಿಸಿ ತಿರುಗಿಸಿ ಕೊಡ್ತೀನಿ ಸಾರ್" ಅನ್ನುತ್ತಾರೆ. ಗೇಟು ಮಾಡುವವರಿಗೆ ಕೋವಿಯ ನಳಿಗೆ ಯಾಕೆ ಕೊಡುತ್ತೀರಿ? ಆ ಬಿಸಿಗೆ ಬೆಸುಗೆ ಹಾಕಿದ ಭಾಗ ಸಡಿಲವಾಗುತ್ತದೆ. ಲೈಸೆನ್ಸ್ ಇಲ್ಲದವರು ಕೋವಿ ರಿಪೇರಿ ಮಾಡುವುದು 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ತಪ್ಪು ಕೂಡ.

ಹೊಸ ನಿಪ್ಪಲ್ ಹಾಕುವಾಗ ಇನ್ನೊಂದು ಅಪಾಯ ಇದೆ. ಕಾಲು ಇಂಚಿನ, ಇಂಚಿಗೆ 28 ಥ್ರೆಡ್ ಇರುವ ನಿಪ್ಪಲ್ ಒಂದು. 6 ಮಿ.ಮೀ., 0.75 ಪಿಚ್‌ನದು (ಥ್ರೆಡ್‌ಗಳ ನಡುವಿನ ಅಂತರ 0.75 ಮಿ.ಮೀ.) ಇನ್ನೊಂದು. ಕೈಯಲ್ಲಿ ಹಿಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಕಾಲು ಇಂಚು ಎಂದರೆ 6.35 ಮಿ.ಮೀ. ಆ ತೂತಿಗೆ ಸಣ್ಣದನ್ನು ಹಾಕಿ ಬಟ್ಟೆ ಸುತ್ತಿ ಬಿಗಿದವರನ್ನು ಕಂಡಿದ್ದೇನೆ. ಹೊಡೆಯುವಾಗ ನಿಪ್ಪಲ್ ನಿಮ್ಮ ಕಣ್ಣಿನ ಮುಂದೆ ಒಂದು ಗೇಣು ದೂರದಲ್ಲಿರುತ್ತದೆ. ಸಡಿಲ ಇದ್ದರೆ ಹಿಂದಕ್ಕೆ ಹಾರುತ್ತದೆ. ಹಳೆಯದನ್ನು ಜೊತೆಗೆ ತೆಗೆದುಕೊಂಡು ಹೋಗಿ ಅಳತೆ ನೋಡಿಸಿಯೇ ತನ್ನಿ. ಥ್ರೆಡ್‌ಗೆ ಚೂರು ಗ್ರೀಸ್ ಸವರಿ, ಬೆರಳಿನಲ್ಲಿ ಪೂರ್ತಿ ಇಳಿಸಿ, ಚಾವಿಯಿಂದ ಕೊನೆಗೆ ಒಂದು ಸಣ್ಣ ಬಿಗಿತ. ಕೋವಿ ಹೊಡೆದ ದಿನವೇ ನಿಪ್ಪಲ್ ಬಿಚ್ಚಿ ತೊಳೆದರೆ ಈ ಪತ್ರ ಬರೆಯುವ ಕೆಲಸವೇ ಇಲ್ಲ.

ತೆಂಗಿನೆಣ್ಣೆ ಸವರಿ ಇಡಬಹುದಾ?

ಬೇಡ. ಚಳಿಗೆ ಗಟ್ಟಿಯಾಗುತ್ತದೆ, ದಿನ ಹೋದಂತೆ ಅಂಟಾಗುತ್ತದೆ.

ನಳಿಗೆ ಹೊಳೆಯಲಿ ಎಂದು ಉಪ್ಪುಕಾಗದದಲ್ಲಿ ಉಜ್ಜುತ್ತೇವೆ, ತಪ್ಪಾ?

ತಪ್ಪು. ನಂಬರ್ ಅಳಿಸಿದರೆ ಕೋವಿಯ ಜೊತೆ ನೀವೂ ಠಾಣೆಗೆ ಹೋಗಬೇಕಾಗುತ್ತದೆ. ಗುರುತಿನ ನಂಬರ್ ಅಳಿಸುವುದು ಅಪರಾಧ.

ಚುನಾವಣೆ ಸಮಯದಲ್ಲಿ ಪೊಲೀಸ್ ಠಾಣೆಯಲ್ಲಿ ಠೇವಣಿ ಇಟ್ಟ ಕೋವಿ ವಾಪಸ್ ಬರುವಾಗ ತುಕ್ಕು ಹಿಡಿದಿತ್ತು. ಯಾರನ್ನು ಕೇಳುವುದು?

ನಿಮ್ಮ ಬೇಜಾರು ಅರ್ಥವಾಗುತ್ತದೆ, ನನ್ನದಕ್ಕೂ ಹಾಗೇ ಆಗಿದೆ. ಕೊಡುವ ಹಿಂದಿನ ದಿನ ತೊಳೆದು, ಒಣಗಿಸಿ, ಒಳಗೂ ಹೊರಗೂ ಗ್ರೀಸ್ ಬಳಿದು ಕೊಡಿ. ತಂದ ದಿನವೇ ಒರೆಸಿ.

ಮಗಳು ಬೆಂಗಳೂರಿನಲ್ಲಿ ಏರ್ ಪಿಸ್ತೂಲ್ ಕಲಿಯುತ್ತಿದ್ದಾಳೆ. ಗಾಳಿ ಸಿಲಿಂಡರ್ ಕಚ್ಚಿಕೊಂಡಿದೆ, ಇಕ್ಕಳ ಹಾಕಲಾ?

ನಿಮಗೂ ಅದೇ ಉತ್ತರ, ಇನ್ನೂ ಜೋರಾಗಿ. ಅದರೊಳಗೆ 200 ಬಾರ್ ಒತ್ತಡ ಇರುತ್ತದೆ. ಕಾರಿನ ಟೈರಿನಲ್ಲಿರುವುದು ಸುಮಾರು 2 ಬಾರ್. ರೇಂಜಿನಲ್ಲಿ ಗುರಿಯ ಕಡೆಗೇ ಹೊಡೆಯುತ್ತಾ ಗಾಳಿ ಪೂರ್ತಿ ಖಾಲಿ ಮಾಡಲಿ. ಆಮೇಲೆ ಒಣ ಬಟ್ಟೆ ಹಿಡಿದು ಬರಿಗೈಯಲ್ಲಿ ತಿರುಗಿಸಲಿ. ಬರದಿದ್ದರೆ ಕಂಪನಿಯ ಸರ್ವೀಸ್‌ಗೆ ಕಳಿಸಿ. ಆ ಕಡೆ ಮಾತ್ರ ಯಾವ ಎಣ್ಣೆಯನ್ನೂ ಬಿಡಬೇಡಿ. ಅಷ್ಟು ಒತ್ತಡದ ಗಾಳಿಗೆ ಪೆಟ್ರೋಲಿಯಂ ಎಣ್ಣೆ ಸೇರಿದರೆ ಹೊತ್ತಿಕೊಳ್ಳಬಹುದು.